ಮಖಮಲ್ಲಿನ ದಿಕ್ಕು

ಬಹಳ ಬಹಳ ಹಿಂದೆ, ಗಾಜಿನ ಬಾಗಿಲು ಇನ್ನೂ ತೆರೆದುಕೊಳ್ಳುವುದಕ್ಕೆ ಮುಂಚೆ, ಒಬ್ಬ ದರ್ಜಿ ಇದ್ದನಂತೆ, ದರ್ಜಿಗೊಬ್ಬಳು ಹೆಂಡತಿ, ಹೆಂಡತಿಗೊಬ್ಬಳು ತಂಗಿ, ಆ ತಂಗಿ ವರ್ಷವೆಲ್ಲ ಪರದೇಶದಲ್ಲಿದ್ದು ಮನೆಗೆ ಮರಳುವಾಗ ದಾರಿಯಲ್ಲಿ, ಆ ದರ್ಜಿ ದುಡಿಯಲು ಹೋದ ದೂರದ ನಗರದಲ್ಲಿ, ಒಂದು ಹಗಲಿನ ಮಟ್ಟಿಗೆ ವಿಮಾನದಿಂದ ಇಳಿದಳಂತೆ — ಬಾಗಿಲು ತೆರೆಯಿತು, ಮುಚ್ಚಿತು, ನನ್ನ ಮುಂದಿನ ಹೆಂಗಸಿನ ಪೆಟ್ಟಿಗೆಯ ಚಕ್ರ ಸಿಕ್ಕಿಕೊಂಡಿದೆ, ಮತ್ತೆ ತೆರೆಯಿತು, ತೆರೆದಾಗಲೆಲ್ಲ ಕಂಬಿಯಾಚೆ ಭಾವ ಕಾಣುತ್ತಾರೆ, ಮುಚ್ಚಿದಾಗ ಗಾಜಿನಲ್ಲಿ ನಾನೇ ಕಾಣುತ್ತೇನೆ, ತಲೆ ಕೆದರಿಕೊಂಡು, ನಿದ್ದೆಗಣ್ಣಿನಲ್ಲಿ, ಭಾವ, ನಾನು, ಭಾವ, ನಾನು — ಹೂಂ, ಆಮೇಲೆ? ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂ ಅನ್ನುತ್ತಿರಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ಅಕ್ಕ ನಿದ್ದೆಹೋಗುತ್ತಿದ್ದಳು, ನಾನು ಮಾತ್ರ ಹೂಂಗುಟ್ಟುತ್ತಲೇ ಇರುತ್ತಿದ್ದೆ, ಅದಕ್ಕೇ ಮನೆಯಲ್ಲಿ ನನಗೆ ಹೂಂಗುಟ್ಟಿ ಅಂತ ಹೆಸರು, ಏನೇ ಹೂಂಗುಟ್ಟಿ, ಇಷ್ಟು ಸೊರಗಿದ್ದೀಯ, ಅಲ್ಲಿ ಅನ್ನ ಹಾಕ್ತಿರಲಿಲ್ವಾ ನಿಂಗೆ, ಅದೇ ದನಿ, ಅದೇ ಒಂದು ಪಕ್ಕಕ್ಕೆ ಜಾರುವ ನಗು, ಚೀಲ ತೆಗೆದುಕೊಂಡರು, ಪ್ರಯಾಣ ಹೇಗಾಯ್ತು ಅಂದರು, ಕೋಟು ಚೆನ್ನಾಗಿದೆ ಅಂದರು, ಅಂದರು ಅಷ್ಟೆ. ಮುಟ್ಟಲಿಲ್ಲ. ಭಾವ ನಮ್ಮ ಅಪ್ಪನ ಅಂಗಡಿಗೆ ಕೆಲಸ ಕಲಿಯಲು ಬಂದ ದಿನದಿಂದ ನಾನು ನೋಡಿದ್ದೇನೆ, ಯಾರೇ ಎದುರು ಬರಲಿ, ಮೊದಲು ಅವರ ತೋಳಿನ ಅಂಚನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು ಒಮ್ಮೆ ಉಜ್ಜುತ್ತಿದ್ದರು, ಆಮೇಲೆ ಚೆನ್ನಾಗಿದ್ದೀರಾ, ಬ್ಯಾಂಕಿನ ಮ್ಯಾನೇಜರ ತೋಳನ್ನೂ ಬಿಟ್ಟವರಲ್ಲ, ಮದುವೆಯ ದಿನ ಅಕ್ಕನ ಸೆರಗಿನ ಅಂಚನ್ನು ಎಲ್ಲರೆದುರಿಗೇ ಉಜ್ಜಿ ನೋಡಿದ್ದಕ್ಕೆ, ಹೆಣ್ಣು ನೋಡಪ್ಪಾ ಅಂದ್ರೆ ಬಟ್ಟೆ ನೋಡ್ತಾನಲ್ಲ ಇವನು ಅಂತ ಅತ್ತೆಯವರೆಲ್ಲ ನಕ್ಕು ಸುಸ್ತಾಗಿದ್ದರು. ನಾನು ಬೇಕೆಂದೇ ಈ ಕೋಟು ಹಾಕಿಕೊಂಡು ಬಂದೆ, ಒರಟು ಉಣ್ಣೆ, ಒಳಗೆ ರೇಷ್ಮೆ, ಭಾವ ಉಜ್ಜಿ ನೋಡಿ ಏನನ್ನುತ್ತಾರೋ ಅಂತ ವಿಮಾನದಲ್ಲೆಲ್ಲ ಯೋಚಿಸಿಕೊಂಡು ಬಂದೆ, ಈ ಮನುಷ್ಯ ಕೋಟು ಚೆನ್ನಾಗಿದೆ ಅಂದು ಮುಂದೆ ನಡೆದುಬಿಟ್ಟ.

ಅಜ್ಜಿ ಹೇಳುತ್ತಿದ್ದಳು, ಒಬ್ಬ ರಾಕ್ಷಸ ಗಂಡನ ರೂಪ ತಾಳಿ ಮನೆಗೆ ಬಂದನಂತೆ, ಅದೇ ಮಚ್ಚೆ, ಅದೇ ಕೆಮ್ಮು, ನಾಯಿ ಕೂಡ ಬಾಲ ಅಲ್ಲಾಡಿಸಿತಂತೆ, ಹೆಂಡತಿಗೆ ಹೇಗೆ ಗೊತ್ತಾಯಿತು ಅಂದರೆ, ನಿಜವಾದ ಗಂಡ ಗಿಡ್ಡ ಬಾಗಿಲಿನ ಹಳೇ ಮನೆಯಲ್ಲಿ ಬೆಳೆದವನು, ಹೊಸ ಮನೆಯ ಎತ್ತರದ ಬಾಗಿಲಲ್ಲೂ ಸುಮ್ಮಸುಮ್ಮನೆ ತಲೆ ತಗ್ಗಿಸುತ್ತಿದ್ದ, ಬಂದವನು ತಗ್ಗಿಸಲಿಲ್ಲ. ರೂಪ ಕದೀಬಹುದು ಕಣೇ, ಚಾಳಿ ಕದಿಯೋಕಾಗಲ್ಲ, ಹೂಂ, ಹೂಂ ಅಜ್ಜಿ. ರೈಲಿನಲ್ಲಿ ಎದುರಿಗೆ ಕೂತಿದ್ದಾರೆ, ಕಿಟಕಿಯಾಚೆ ಗೋದಾಮುಗಳು, ಒಣಗಿದ ಹುಲ್ಲು, ಬೆನ್ನು ತೋರಿಸಿ ನಿಂತ ಕಟ್ಟಡಗಳು, ಯಾವ ನಗರವೂ ರೈಲಿಗೆ ಮುಖ ತೋರಿಸುವುದಿಲ್ಲವಲ್ಲ, ಎಲ್ಲ ನಗರಗಳೂ ಬೆನ್ನಲ್ಲೇ ಬಟ್ಟೆ ಒಣಗಿಸುತ್ತವೆ, ಭಾವ ಮಾತಾಡುತ್ತಲೇ ಇದ್ದಾರೆ, ಮೊದ್ಲು ಗೋಪುರ ನೋಡೋಣ, ಆಮೇಲೆ ಹೊಳೆ, ಸೇತುವೆ, ಆಮೇಲೆ ಮೀನುಗಳ ಮ್ಯೂಸಿಯಂ ಇದೆ, ಗಾಜಿನ ಸುರಂಗದಲ್ಲಿ ನಡ್ಕೊಂಡು ಹೋದ್ರೆ ತಲೆ ಮೇಲೆ ಮೀನು, ನಿಂಗೆ ಹೇಳಿ ಮಾಡಿಸಿದ ಜಾಗ, ಸಂಜೆ ನಾನೇ ವಿಮಾನಕ್ಕೆ ಬಿಡ್ತೀನಿ. ಅಂಗಡಿ, ಭಾವ? ಯಾವ ಅಂಗಡಿ? ನೀವು ಕೆಲಸ ಮಾಡೋ ಅಂಗಡಿ. ಓ ಅದಾ, ಅದಕ್ಕಿವತ್ತು ರಜೆ. ಎಷ್ಟು ಬೇಗ ಬಂತು ಆ ಉತ್ತರ, ನಾಲಗೆಯ ತುದಿಯಲ್ಲೇ ಕಾದು ಕೂತಿದ್ದ ಹಾಗೆ. ನನ್ನ ತೊಡೆಯ ಮೇಲಿನ ಕೈಚೀಲದಲ್ಲಿ ಮಖಮಲ್ಲಿದೆ, ಕಡುನೀಲಿ, ಅಕ್ಕ ಅದನ್ನು ನಾನಿದ್ದ ಊರಿಗೆ ಅಂಚೆಯಲ್ಲಿ ಕಳಿಸಿದ್ದಳು, ಜೊತೆಗೆ ಗಂಟುಗಳು ಬಿದ್ದ ಒಂದು ದಾರ, ನಮ್ಮ ಮನೆಯಲ್ಲಿ ಮಕ್ಕಳ ಅಳತೆಗೆ ಟೇಪು ಮುಟ್ಟುವುದಿಲ್ಲ, ದಾರದಲ್ಲಿ ಅಳೆದು ಗಂಟು ಹಾಕುವುದು, ಮೊದಲ ಗಂಟಿನವರೆಗೆ ಭುಜ, ಆಮೇಲಿನದು ಎದೆ, ಆಮೇಲೆ ಸೊಂಟ, ಆಮೇಲೆ ಉದ್ದ, ಅಪ್ಪನಿಗೆ ಅವರಪ್ಪ ಕಲಿಸಿದ್ದು, ಭಾವನಿಗೆ ಅಪ್ಪ ಕಲಿಸಿದ್ದು. ಆ ದಾರದಲ್ಲಿ ಅಕ್ಕನ ಮಗಳು ಮಡಚಿಕೊಂಡು ಮಲಗಿದ್ದಾಳೆ, ದುಂಡು ಮುಖದ ನಮ್ಮ ಬಟನ್ನು. ಶಾಲೆಗೆ ಸೇರುವ ದಿನ ತನ್ನಪ್ಪ ಹೊಲಿದ ಫ್ರಾಕೇ ಬೇಕು ಅಂತ ಅವಳ ಹಟ ಅಂದಳು ಅಕ್ಕ, ಆಮೇಲೆ, ಹಟ ನಂದು ಕಣೇ ಅಂದಳು.

ಅಕ್ಕ ಅಳುವವಳಲ್ಲ, ಅಳುವ ಬದಲು ಸೂಜಿಗೆ ದಾರ ಪೋಣಿಸುತ್ತಾಳೆ, ಫೋನಿನಲ್ಲೂ ದಾರ ನಾಲಗೆಗೆ ತಾಗಿಸಿಕೊಂಡ ದನಿ, ನೋಡೇ, ಬರ್ಬೇಡ ಅಂತ ಅವರು ಹೇಳಲ್ಲ, ಬಾ ಅಂತಲೂ ಹೇಳಲ್ಲ, ಮನೆ ಹುಡುಕ್ತಿದ್ದೀನಿ ಅಂತಾರೆ, ಇನ್ನೂ ಹುಡುಕ್ತಿದ್ದೀನಿ ಅಂತಾರೆ, ಅರಮನೆ ಕಟ್ಟಿಸೋರಿಗೂ ಇಷ್ಟು ದಿನ ಬೇಡ, ಇಲ್ಲಿ ಮನೆ ಓನರು ಖಾಲಿ ಮಾಡ್ತೀರೋ ಇಲ್ವೋ ಇವತ್ತೇ ಹೇಳಿ ಅಂತ ಬಾಗಿಲಲ್ಲಿ ನಿಂತಿದ್ದಾನೆ, ನೀನು ಹೋಗು, ಅವರ ಕೈಯಲ್ಲೇ ಹೊಲಿಸು, ನಿನ್ನ ಕಣ್ಣೆದುರಿಗೇ ಹೊಲೀಬೇಕು, ಅಂಗಡಿಯಲ್ಲಿ ಕೊಂಡಿದ್ದು ತಂದು ನನ್ನ ಕಣ್ಣಿಗೆ ಮಣ್ಣೆರಚಬೇಡ, ದರ್ಜಿ ಮಗಳು ನಾನು, ಮನಸ್ಸಿದ್ದು ಹೊಲಿದ್ರೋ ಇಲ್ದೆ ಹೊಲಿದ್ರೋ ಅಂಚು ಮಡಿಸಿದ್ದರಲ್ಲೇ ಗೊತ್ತಾಗುತ್ತೆ, ಹೊಲಿದುಕೊಟ್ರೆ ಮಗಳನ್ನ ಕರ್ಕೊಂಡು ಹೋಗ್ತೀನಿ, ಇಲ್ದಿದ್ರೆ ಅಪ್ಪನ ಅಂಗಡಿ ಮೂಲೆಯಲ್ಲಿ ನಂದೊಂದು ಮಿಷನ್ನು ಹಾಕ್ಕೊಂಡು ಇದ್ದುಬಿಡ್ತೀನಿ, ಅವರಿಗೆ ನಾನು ಬೇಡ ಅಂತ ತಿಳ್ಕೋತೀನಿ. ಆಣೆ ಮಾಡು. ಮಾಡಿದೆ. ಮಾಡುವಾಗ ಸುಲಭವಾಗಿತ್ತು, ಕಥೆಯಲ್ಲಿ ಚಿಕ್ಕ ತಂಗಿಗೇ ತಾನೇ ಯಾವಾಗಲೂ ಇಂಥ ಕೆಲಸ ಒಪ್ಪಿಸುವುದು, ಹೋಗು ಮಗಳೇ ಹುಲಿಯ ಮೀಸೆ ತಾ ಅಂತ, ಹುಲಿ ಎದುರು ಕೂತು ಗೋಪುರದ ಟಿಕೆಟ್ಟಿನ ಬಗ್ಗೆ ಮಾತಾಡುತ್ತದೆ ಅಂತ ಅಜ್ಜಿ ಹೇಳಿರಲಿಲ್ಲ. ಫೋನು ಗುಂಯ್‌ಗುಟ್ಟಿತು, ಭಾವ ಪರದೆ ನೋಡಿ ಒತ್ತಿ ಸುಮ್ಮನಾಗಿಸಿದರು, ಯಾರು? ಯಾರೂ ಅಲ್ಲ. ಯಾರೂ ಅಲ್ಲದವರು ಎರಡು ನಿಲ್ದಾಣ ದಾಟುವಷ್ಟರಲ್ಲಿ ಮತ್ತೆ ಮಾಡಿದರು. ಆಗ ಕಂಡದ್ದು, ಫೋನು ಹಿಡಿದ ಕೈಯ ತೋರುಬೆರಳಿಗೆ ಗಾಯದ ಪಟ್ಟಿ, ಹಳದಿ, ಅದರ ಮೇಲೆ ಬಾತುಕೋಳಿಗಳು, ಟೋಪಿ ಹಾಕಿಕೊಂಡು ಸಾಲಾಗಿ ನಡೆಯುವ ಪುಟ್ಟಪುಟ್ಟ ಬಾತುಕೋಳಿಗಳು. ಯಾವ ಗಂಡಸು ಬಾತುಕೋಳಿಯ ಪಟ್ಟಿ ಕೊಂಡು ಜೇಬಿನಲ್ಲಿಟ್ಟುಕೊಳ್ಳುತ್ತಾನೆ, ಮಗುವಿರುವ ಮನೆಯಲ್ಲಿ ಇರುತ್ತದೆ ಅದು, ಯಾರದೋ ಮನೆಯ ಯಾವುದೋ ಡಬ್ಬಿಯಲ್ಲಿ, ಯಾವುದೋ ಕೈ ಅದನ್ನು ಬಿಡಿಸಿ, ಕೊಡಿ ಇಲ್ಲಿ ಅಂತ ಬೆರಳು ಹಿಡಿದು ಸುತ್ತಿದೆ. ಅಯ್ಯೋ ಅಕ್ಕ.

ಗೋಪುರ ಹತ್ತಿದೆವು, ಗಾಳಿ ಕೂದಲನ್ನು ಬಾಯಿಗೆ ತುರುಕಿತು, ಕೆಳಗೆ ನಗರ ಬಿಚ್ಚಿಟ್ಟ ಬಟ್ಟೆಯ ಹಾಗೆ, ಬೀದಿಗಳೆಲ್ಲ ಕಚ್ಚಾ ಹೊಲಿಗೆ, ಹೊಳೆ ಮಾತ್ರ ಯಾರೋ ಕತ್ತರಿ ಹಾಕಿ ಮನಸ್ಸು ಬದಲಾಯಿಸಿದ ಹಾಗೆ ಅಡ್ಡಾದಿಡ್ಡಿ, ನಿಮ್ಮ ಅಂಗಡಿ ಎಲ್ಲಿ ಬರುತ್ತೆ ಭಾವ ಇಲ್ಲಿಂದ, ಅಗೋ ಅಲ್ಲೆಲ್ಲೋ, ಬೆರಳು ಹೊಳೆಯ ಆಚೆಗೆ, ನಿಮ್ಮ ರೂಮು? ಅದೂ ಅಲ್ಲೇ ಎಲ್ಲೋ, ಬೆರಳು ಈಗ ಹೊಳೆಯ ಈಚೆಗೆ. ಹೂಂ ಅಂದೆ. ಸೇತುವೆಯ ಬುಡದಲ್ಲಿ ಗಾಡಿಯವನು ತೆಳು ಗಾಜಿನ ಲೋಟದಲ್ಲಿ ಚಹಾ ಕೊಟ್ಟ, ಆವಿ ಏಳುತ್ತಿತ್ತು, ನಾನು ಮುಟ್ಟಿದವಳೇ ಕೈ ಕೊಡವಿ ಕರವಸ್ತ್ರದಲ್ಲಿ ಸುತ್ತಿ ಹಿಡಿದೆ, ಗಾಡಿಯವನು ನಕ್ಕ, ಭಾವ ತಮ್ಮ ಲೋಟವನ್ನು ಬರಿಗೈಯಲ್ಲಿ ಹಿಡಿದಿದ್ದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಗಾಜಿಗೆ ಅಂಟಿಕೊಂಡಿದ್ದವು, ಚಹಾದ ಮಟ್ಟಕ್ಕೇ, ಹೊಳೆಯ ದೋಣಿಗಳನ್ನು ತೋರಿಸುತ್ತ ಮಾತಾಡುತ್ತಲೇ ಇದ್ದರು, ಕದಲಲಿಲ್ಲ, ಲೋಟ ಆ ಕೈಯಿಂದ ಈ ಕೈಗೆ ಬದಲಾಯಿಸಲಿಲ್ಲ, ಊದಲಿಲ್ಲ, ಬಾತುಕೋಳಿಗಳು ಆವಿಯಲ್ಲಿ ಒದ್ದೆಯಾದವು. ಕೆಂಡ ಕೈಯಲ್ಲಿ ಹಿಡಿಯುತ್ತಿದ್ದನಂತೆ ರಾಕ್ಷಸ, ಒಲೆಯ ಮುಂದೆ ಕೂತು ಕೆಂಡ ಎತ್ತಿಕೊಂಡು ನೋಡಿದೆಯಾ ಎಷ್ಟು ಚೆಂದ ಅನ್ನುತ್ತಿದ್ದನಂತೆ, ನಾನು ತರಬೇತಿ ಮುಗಿಸಿದ ಶಿಶುವಿಹಾರದ ಟೀಚರು, ಇಂಥದ್ದನ್ನೆಲ್ಲ ನಂಬುವ ವಯಸ್ಸಲ್ಲ, ಆದರೂ ಅವರ ಪಾದ ನೋಡಿದೆ, ನೆಟ್ಟಗಿದ್ದವು, ನೆರಳು ನೋಡಿದೆ, ಇತ್ತು, ಬಿಸಿ ಇಲ್ವಾ ಭಾವ ಅಂದೆ. ಲೋಟ ನೋಡಿಕೊಂಡರು. ಒಂದು ಚಣ, ನಾನು ಕಂಡೆ, ಅವರ ಕಣ್ಣು ಬೆರಳುಗಳ ಮೇಲೆ ನಿಂತು, ಆಮೇಲೆ ನನ್ನ ಮೇಲೆ ಬಂದು, ಆಮೇಲೆ ಮುಖ ಕಿವುಚಿಕೊಂಡು, ಅಬ್ಬಾ ಎಂಥ ಬಿಸಿ ಅಂತ ಲೋಟ ಕೆಳಗಿಟ್ಟರು. ನೋವು ಮೊದಲು ಬಂದು ಮುಖ ಆಮೇಲೆ ಕಿವುಚುತ್ತದೆ, ಇವರದು ಹಿಂದುಮುಂದು. ನಟನೆ. ಸುಡುವುದನ್ನೂ ನಟಿಸುವವರು ಬೇರೆ ಏನೇನು ನಟಿಸಿಲ್ಲ.

ಈಗ ಕೇಳಿಯೇಬಿಡೋಣ ಅಂತ ಕಲ್ಲುಬೆಂಚಿನ ಮೇಲೆ ಪೊಟ್ಟಣ ಬಿಚ್ಚಿದೆ, ನೀಲಿ ಮಖಮಲ್ಲು ಬಿಸಿಲಿಗೆ ಬಿದ್ದು ಉಸಿರಾಡಿತು, ಬಟನ್‌ಗೆ ಫ್ರಾಕು ಭಾವ, ಇವತ್ತೇ, ನಿಮ್ಮ ಕೈಯಲ್ಲೇ, ತಗೊಂಡೇ ಹೋಗ್ಬೇಕು ನಾನು. ಅವರು ಬಟ್ಟೆಯನ್ನು ಹಾವು ನೋಡಿದ ಹಾಗೆ ನೋಡಿದರು. ಮಖಮಲ್ಲಾ? ಮಖಮಲ್ಲೇ ಯಾಕೆ ಕಳಿಸಿದಳು? ಯಾಕೆ, ಚೆನ್ನಾಗಿಲ್ವಾ? ಚೆನ್ನಾಗಿದೆ, ಸೆಕೆಗೆ ಆಗಲ್ಲ ಮಗೂಗೆ, ಇವತ್ತೆಲ್ಲಿ ಟೈಮು, ಮಿಷನ್ನೆಲ್ಲಿದೆ, ಇಲ್ಲಿ ಬಿಟ್ಟುಹೋಗು ಹೊಲಿದು ಕಳಿಸ್ತೀನಿ, ಬೇಗ ಸುತ್ತು ಅದನ್ನ, ಧೂಳು ಕೂರುತ್ತೆ, ಏಳು ಏಳು, ಮೀನು ನೋಡೋಕೆ ಲೇಟಾಗುತ್ತೆ, ಮೀನೇನು ಓಡಿಹೋಗ್ತವಾ ಭಾವ ಅಂದೆ, ನಕ್ಕರು, ಆ ನಗು ಪಕ್ಕಕ್ಕೆ ಜಾರಲಿಲ್ಲ, ಅರ್ಧಕ್ಕೇ ನಿಂತಿತು. ಟ್ರಾಮು ಹತ್ತಿದೆವು. ಹಳದಿ ಕಂಬಿ, ಒರಗಿ ತೂಗುವ ಜನ, ಯಾವುದೋ ಸೆಂಟಿನ ವಾಸನೆ, ನನಗೆ ತೂಕಡಿಕೆ, ಫೋನಿನಲ್ಲಿ ಅಕ್ಕನ ಪುಟ್ಟ ಸಂದೇಶ, ಏನಾಯ್ತು? ಏನಂತ ಬರೆಯಲಿ, ಗೋಪುರ ನೋಡಿದೆ ಅಂತಲೇ, ನಿನ್ನ ಗಂಡ ನಿನ್ನ ಬಟ್ಟೆ ಮುಟ್ಟಲಿಲ್ಲ ಅಂತಲೇ, ಅವರ ಬೆರಳಿಗೆ ಇನ್ನೊಂದು ಮನೆಯ ಬಾತುಕೋಳಿಗಳಿವೆ ಅಂತಲೇ, ಒಂದಲ್ಲ ಎರಡಲ್ಲ, ಮನೆ ಓನರು ಬಾಗಿಲಲ್ಲಿ ನಿಂತಿದ್ದಾನೆ, ಕಣ್ಣೆತ್ತಿದರೆ ಕಿಟಕಿಯಾಚೆ ದೊಡ್ಡ ಗಾಜು, ಗಾಜಿನೊಳಗೆ ಬಟ್ಟೆ ತೊಟ್ಟ ಗೊಂಬೆಗಳು, ಮೇಲೆ ಕತ್ತರಿಯ ಚಿತ್ರದ ಫಲಕ, ಆ ಕತ್ತರಿಯನ್ನು ನಾನು ಕಂಡಿದ್ದೇನೆ, ಹೋದ ವರ್ಷ ಭಾವ ಕಳಿಸಿದ ಫೋಟೋದಲ್ಲಿ ಇದೇ ಫಲಕದ ಕೆಳಗೆ ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದರು, ಅಪ್ಪ ಆ ಫೋಟೋವನ್ನು ಕಟ್ಟು ಹಾಕಿಸಿ ಕಟ್ಟಿಂಗ್ ಮೇಜಿನ ಮೇಲೆ ತೂಗುಹಾಕಿದ್ದಾರೆ. ಬಾಗಿಲು ತೆರೆದಿದೆ. ಜನ ಒಳಗೆ ಹೋಗುತ್ತಿದ್ದಾರೆ, ಚೀಲ ಹಿಡಿದು ಹೊರಗೆ ಬರುತ್ತಿದ್ದಾರೆ. ತಿರುಗಿ ಭಾವನನ್ನು ನೋಡಿದೆ, ಅವರು ಆಚೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಏನೂ ಇಲ್ಲದ ಗೋಡೆಯನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ಟ್ರಾಮು ನಿಂತಿತು. ಇಳಿದುಬಿಟ್ಟೆ. ಹೇ ಹೂಂಗುಟ್ಟೀ, ಇಲ್ಲಲ್ಲ ಕಣೇ, ಇನ್ನೂ ಮುಂದಕ್ಕೆ — ಬಾಗಿಲು ಅವರ ಮಾತನ್ನು ಅರ್ಧಕ್ಕೆ ಕಚ್ಚಿಕೊಂಡಿತು, ನಾನು ಓಡುತ್ತಿದ್ದೆ, ಕೈಚೀಲ ಎದೆಗವಚಿಕೊಂಡು, ಹಿಂದಿರುಗಿ ನೋಡಬಾರದು, ನೋಡಿದರೆ ಕಲ್ಲಾಗುತ್ತಾರೆ.

ಅಂಗಡಿಯೊಳಗೆ ತಂಪು, ಹೊಸ ಬಟ್ಟೆಯ ಗಂಜಿವಾಸನೆ, ಆ ವಾಸನೆಯೊಂದು ಮಾತ್ರ ನನ್ನದು, ಕಟ್ಟಿಂಗ್ ಮೇಜಿನ ಕೆಳಗೆ ಚಿಂದಿಗಳ ರಾಶಿಯಲ್ಲಿ ಕೂತು ಬೆಳೆದವಳು ನಾನು, ಉಳಿದದ್ದೆಲ್ಲ ಪರಕೀಯ, ಹಾಡು, ದೀಪ, ನನ್ನನ್ನು ಏನೋ ಕೇಳುತ್ತಿರುವ ಈ ಹುಡುಗಿಯ ಭಾಷೆ, ಮಕ್ಕಳ ಬಟ್ಟೆಯ ಕೌಂಟರಿನವಳು, ಕೆಂಪು ಲಿಪ್‌ಸ್ಟಿಕ್ಕು, ಚೆಂದ ಇದ್ದಾಳೆ, ಫೋನಿನಲ್ಲಿದ್ದ ಭಾವನ ಫೋಟೋ ತೋರಿಸಿದೆ, ಅವಳ ಮುಖ ಅರಳಿತು, ಹೌದು ಹೌದು ಅಂತ ತಲೆ ಆಡಿಸಿ ನೆಲದ ಕಡೆ ಬೆರಳು ತೋರಿಸಿದಳು, ಕೆಳಗೆ, ನೆಲಮಾಳಿಗೆ. ಅಷ್ಟರಲ್ಲಿ ಭಾವ ಮುಂದಿನ ನಿಲ್ದಾಣದಿಂದ ಓಡಿಬಂದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು, ಅವಳು ನನ್ನನ್ನು ಬಿಟ್ಟು ಅವರ ಕೈ ಹಿಡಿದುಕೊಂಡಳು, ಎಲ್ಲರೆದುರಿಗೇ, ಬೆರಳನ್ನು ತಿರುಗಿಸಿ ನೋಡಿ ಏನೋ ಗದರಿದಳು, ಡ್ರಾಯರು ಎಳೆದಳು, ಹಳದಿ ಪೆಟ್ಟಿಗೆ, ಬಾತುಕೋಳಿಗಳು. ಇವಳೇ. ಒದ್ದೆಯಾದ ಪಟ್ಟಿಯನ್ನು ಕಿತ್ತು ಹೊಸದು ಸುತ್ತಿದಳು, ನನ್ನ ಕಡೆ ತಿರುಗಿ ಏನೋ ಹೇಳಿ ತನ್ನ ಹಣೆಗೆ ತಟ್ಟಿಕೊಂಡಳು, ಏನಂತಾಳೆ ಇವಳು ಅಂತ ಕೇಳಿದೆ, ನನ್ನ ದನಿಯೇ ನನಗೆ ಹೊಸದು, ಅಕ್ಕನ ದನಿ ಅದು, ದಾರ ಕಚ್ಚಿಕೊಂಡದ್ದು. ಭಾವ ನೆಲ ನೋಡುತ್ತ ಹೇಳಿದರು, ದಿನಾ ಒಂದು ಪಟ್ಟಿ ಇವನಿಗೆ ಬೇಕು, ಅಂಗಡಿಗೆ ಬರೋ ಮಕ್ಕಳಿಗಿಂತ ಇವನಿಗೇ ಜಾಸ್ತಿ ಖರ್ಚಾಗುತ್ತೆ, ನೀನಾದ್ರೂ ಬುದ್ಧಿ ಹೇಳು ಅಂತಾಳೆ. ಯಾಕೆ, ದಿನಾ ಯಾಕೆ ಗಾಯ ಆಗುತ್ತೆ ನಿಮಗೆ? ಬಾ ಕೆಳಗೆ ಅಂದರು.

ಮೆಟ್ಟಿಲು ಕಡಿದು, ಬಲ್ಬಿಗೆ ತಂತಿಯ ಬುಟ್ಟಿ, ಕೆಳಗೆ ಗೊಂಬೆಗಳು, ತಲೆ ಇಲ್ಲದವು, ಕೈ ಇಲ್ಲದವು, ಬರಿಯ ಕೈಗಳೇ ಒಂದು ಡಬ್ಬಿಯ ತುಂಬ, ಅರ್ಧ ಕೋಟು ತೊಟ್ಟ ಒಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ರಾಜಕುಮಾರರನ್ನೆಲ್ಲ ಕಲ್ಲು ಮಾಡಿ ನಿಲ್ಲಿಸಿದ ನೆಲಮಾಳಿಗೆ ಇದೇ, ಹೂಂ ಅಜ್ಜಿ, ಇದೇ. ಇದು ನನ್ನ ಕೆಲಸ ಈಗ ಅಂದರು ಭಾವ, ಗೊಂಬೆಗಳಿಗೆ ಬಟ್ಟೆ ಹಾಕೋದು, ಪಿನ್ನು ಚುಚ್ಚಿ ಕೂರಿಸೋದು, ಮೇಲಕ್ಕೆ ಹೊತ್ತುಕೊಂಡು ಹೋಗಿ ಗಾಜಿನೊಳಗೆ ನಿಲ್ಲಿಸೋದು, ಬೆಳಿಗ್ಗೆಯಿಂದ ಫೋನ್ ಮಾಡ್ತಿರೋರು ಮ್ಯಾನೇಜರು, ರಜೆ ಕೇಳಿರಲಿಲ್ಲ ನಾನು. ಕಟ್ಟಿಂಗ್ ಬಿಟ್ರಾ? ಬಿಡಿಸಿದರು. ಮೇಜಿನ ಮೇಲಿನ ಪಿನ್ನುಗಳ ಮೆತ್ತೆಯಿಂದ ಒಂದು ಪಿನ್ನು ಕಿತ್ತರು, ದುಂಡು ಬಿಳಿ ತಲೆಯದು, ನಡುಬೆರಳಿನ ತುದಿಗೆ ಇಟ್ಟು ಒತ್ತಿದರು, ನನ್ನನ್ನೇ ನೋಡುತ್ತ ಒತ್ತಿದರು, ಅದು ಒಳಗೆ ಹೋಗಿ ನಿಂತಿತು, ನಾನು ಚೀರಿದೆ, ಅವರ ರೆಪ್ಪೆ ಕೂಡ ಅಲುಗಲಿಲ್ಲ. ಈ ಮೂರಕ್ಕೆ ಏನೂ ಗೊತ್ತಾಗಲ್ಲ, ಹೆಬ್ಬೆರಳು, ಇದು, ಇದು, ಕತ್ತಿನ ಹತ್ತಿರ ನರ ಒತ್ತಿಕೊಂಡಿದೆಯಂತೆ, ಇಷ್ಟು ವರ್ಷ ಕತ್ತು ಬಗ್ಗಿಸಿ ಕತ್ತರಿ ಹಿಡಿದಿದ್ದಕ್ಕೆ, ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಪಿನ್ನು ತೆಗೆದರು, ಮೆತ್ತೆಗೆ ಚುಚ್ಚಿದರು, ನನಗೆ ಮಾತ್ರ ಅದು ಬೆರಳಲ್ಲೇ ನಿಂತ ಹಾಗೆ ಕಾಣುತ್ತಿತ್ತು, ಅವರು ಮಾತಾಡುತ್ತಿದ್ದರೂ, ಕೈ ಜೇಬಿಗೆ ಹೋದರೂ. ನನ್ನ ಕಟ್ಟಿಂಗ್ ಬಿಡಿಸಿದ್ದು ಒಂದು ನಾಟಕ ಶಾಲೆಯವರ ಪರದೆ ಕಣೇ, ಕಡುಗೆಂಪು ಮಖಮಲ್ಲು, ದೊಡ್ಡ ಆರ್ಡರು, ಮಖಮಲ್ಲಿಗೆ ಮೈತುಂಬ ಕೂದಲಲ್ವಾ, ಒಂದು ಕಡೆ ಸವರಿದ್ರೆ ಮಲಗುತ್ತೆ, ಇನ್ನೊಂದು ಕಡೆ ಸವರಿದ್ರೆ ಎದ್ದು ನಿಲ್ಲುತ್ತೆ, ತುಂಡುಗಳೆಲ್ಲ ಒಂದೇ ದಿಕ್ಕಿಗೆ ಮಲಗ್ಬೇಕು, ನಿಮ್ಮಪ್ಪ ನಂಗೆ ಕಣ್ಣು ಮುಚ್ಚಿಸಿ ಕಲಿಸಿದ್ದು ಇದನ್ನ, ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ ಅಂತ, ನಾನು ಆ ದಿನವೂ ಕಣ್ಣು ಮುಚ್ಚಿ ಸವರಿದೆ, ಬೆರಳು ಹೇಳ್ತು ಅಂದ್ಕೊಂಡೆ, ಕತ್ತರಿ ಹಾಕಿದೆ, ಹೊಲಿದು ನೇತುಹಾಕಿ ದೀಪ ಹಚ್ಚಿದ್ರೆ ಒಂದು ತುಂಡು ಕಪ್ಪು, ಒಂದು ತುಂಡು ಕೆಂಪು, ಒಂದು ಕಪ್ಪು, ಒಂದು ಕೆಂಪು, ಇಡೀ ಪರದೆ ನನ್ನ ನೋಡಿ ಹಲ್ಲು ಕಿರಿದ ಹಾಗೆ. ಬೆರಳು ಹೇಳಿರಲಿಲ್ಲ ಕಣೇ, ಅದು ಮಾತು ಬಿಟ್ಟಿದ್ದು ನಂಗೇ ಗೊತ್ತಿರಲಿಲ್ಲ.

ಅಕ್ಕನಿಗೆ ಯಾಕೆ ಹೇಳಲಿಲ್ಲ ಅಂದೆ, ಏನಂತ ಹೇಳಲಿ, ನಿಮ್ಮಪ್ಪ ನಂಗೆ ಮಗಳನ್ನ ಕೊಟ್ಟಿದ್ದು ನನ್ನ ಮುಖ ನೋಡಿಯಾ, ಕೈ ನೋಡಿ, ಇವನ ಕೈ ಬಂಗಾರ ಅಂತ ಹತ್ತು ಜನರ ಮುಂದೆ ಹೇಳಿ ಕೊಟ್ಟಿದ್ದು, ಆಮೇಲೆ ಮುಟ್ಟಿದ್ದು ಗೊತ್ತಾಗಲ್ಲ ಅಂದ್ರೆ ಜನ ಏನೇನು ಕಾಯಿಲೆ ಹೆಸರು ಇಡ್ತಾರೆ ಗೊತ್ತಲ್ಲ ನಿಂಗೆ, ಬಟನ್ನ ಎತ್ಕೊಂಡ್ರೆ ಅವಳ ಕೆನ್ನೆ ಬಿಸಿ ಇದೆಯೋ ತಣ್ಣಗಿದೆಯೋ ಗೊತ್ತಾಗಲ್ಲ ನಂಗೆ, ಜ್ವರ ಬಂದ್ರೂ ಗೊತ್ತಾಗಲ್ಲ. ನಾನು ನಂಬಿದೆನೇ? ನಂಬಿದೆ, ಆದರೂ ಕಣ್ಣಂಚಿನಲ್ಲಿ ನೆಲಮಾಳಿಗೆಯನ್ನೆಲ್ಲ ಹುಡುಕುತ್ತಿದ್ದೆ, ಎರಡನೇ ಜೋಡಿ ಚಪ್ಪಲಿ, ಒಂದು ಬಾಚಣಿಗೆ, ಯಾವುದಾದರೂ ಕೂದಲಿನ ಕ್ಲಿಪ್ಪು, ಬೆಳಿಗ್ಗೆಯಿಂದ ಸಂಶಯಪಟ್ಟು ಪಟ್ಟು ಅದೇ ಒಂದು ಚಟವಾಗಿಬಿಟ್ಟಿತ್ತು, ಗೊಂಬೆಗಳ ಕೈಗಳ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಮೂಲೆಯಲ್ಲಿ ಮುಸುಕು ಹಾಕಿದ ಹೊಲಿಗೆ ಮಿಷನ್ನು. ಮಖಮಲ್ಲನ್ನು ಮೇಜಿನ ಮೇಲೆ ಹರಡಿದೆ. ಬೇಡ ಕಣೇ ಅಂದರು. ಕೂತ್ಕೊಳ್ಳಿ ಭಾವ ಅಂದೆ, ಕೈ ಸವರಿದೆ, ನನಗೆ ಹೊಲಿಗೆ ಬಾರದು, ನೆಟ್ಟಗೆ ಒಂದು ಗುಂಡಿ ಹಾಕಲು ಬಾರದು, ಅಪ್ಪ ಇವಳು ಮೇಜಿನ ಕೆಳಗೇ ಇರಲಿ ಬಿಡು ಅಂತ ಕೈಬಿಟ್ಟ ಮಗಳು, ಆದರೆ ಮೆತ್ತಗೋ ಒರಟೋ ಗೊತ್ತಾಗುವುದಕ್ಕೆ ಹೊಲಿಗೆ ಯಾಕೆ ಬೇಕು, ಈ ಕಡೆ ಮೆತ್ತಗಿದೆ ಭಾವ, ಬೆಕ್ಕಿನ ಬೆನ್ನು ಸವರಿದ ಹಾಗೆ, ಈ ಕಡೆ ಬೆಕ್ಕಿಗೆ ಕೋಪ ಬಂತು. ಅವರು ತಡೆಯಲಾರದೆ ನಕ್ಕರು. ಸೀಮೆಸುಣ್ಣ ತಗೊಂಡರು. ಬೆಕ್ಕು ಮಲಗಿದ ಕಡೆಗೆ ಒಂದು ಬಾಣದ ಗುರುತು, ಈಗ ಆ ತುದಿ ಸವರು, ಸರಿಯಾಗಿ ಸವರೇ, ನಿದ್ದೆ ಮಾಡ್ಬೇಡ, ಈ ಕಡೆ ಭಾವ, ಖಂಡಿತಾನಾ, ಖಂಡಿತ, ಇನ್ನೊಂದ್ಸಲ, ಅಯ್ಯೋ ಖಂಡಿತ ಅಂದ್ನಲ್ಲ, ನಿನ್ನ ಖಂಡಿತ ನಂಗೊತ್ತಿಲ್ವಾ, ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿ ಖಂಡಿತ ಅಂತ ಪಾಯಸಕ್ಕೆ ಸುರಿದವಳು, ಬೈಯುತ್ತಿದ್ದಾರೆ, ಬೆಳಿಗ್ಗೆಯಿಂದ ಮೊದಲ ಸಲ ಬೈಯುತ್ತಿದ್ದಾರೆ, ದಾರದ ಗಂಟುಗಳನ್ನು ಕಣ್ಣಿನ ಹತ್ತಿರ ಹಿಡಿದು ಲೆಕ್ಕ ಹಾಕಿದರು, ಎಷ್ಟು ಎತ್ತರ ಆಗಿದ್ದಾಳೆ ಕಳ್ಳಿ ಅಂದರು, ದಾರವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು, ಆಮೇಲೆ ಕತ್ತರಿ. ಕತ್ತರಿಯ ಸದ್ದು ಮರೆತಿರಲಿಲ್ಲ ನಾನು, ಕರ್ರ್ ಅಂತ ಉದ್ದಕ್ಕೆ, ನಡುವೆ ತಡೆಯಿಲ್ಲದೆ, ಮೇಜಿನ ಕೆಳಗೆ ಕೂತವಳಿಗೆ ಮಳೆಯ ಹಾಗೆ ಕೇಳುತ್ತಿದ್ದ ಸದ್ದು. ಮಿಷನ್ನು ನಡೆಯಿತು, ಬಟ್ಟೆ ಸೂಜಿಯ ಕೆಳಗೆ ಹೋಗುವಾಗ ನಾನು ಅವರ ಬೆರಳನ್ನೇ ಕಾಯುತ್ತಿದ್ದೆ, ಈಚೆ ಈಚೆ ಅಂತ ಕೂಗುತ್ತ, ಸುಮ್ನಿರು ಮಾರಾಯ್ತಿ, ಸೂಜಿ ಕಣ್ಣಿಗೆ ಕಾಣುತ್ತೆ ನಂಗೆ. ಕೊನೆಗೆ ಅಂಚು ಉಳಿಯಿತು, ಕೈಹೊಲಿಗೆ, ಅಕ್ಕ ನೋಡುವುದು ಅದನ್ನೇ, ಪಿನ್ನುಗಳನ್ನು ಸಾಲಾಗಿ ಚುಚ್ಚಿ ಮಡಿಸಿದರು, ಹೊಲಿಯುತ್ತ ಹೋದ ಹಾಗೆ ಒಂದೊಂದೇ ಕಿತ್ತು ಮೆತ್ತೆಗೆ.

ಆಗ ಅಕ್ಕನ ಕರೆ ಬಂತು. ನಾನು ಭಾವನನ್ನು ನೋಡಿದೆ, ಅವರು ಬೇಡ ಅನ್ನಲಿಲ್ಲ, ಎತ್ತು ಅನ್ನುವ ಹಾಗೆ ತಲೆ ಆಡಿಸಿ ಮತ್ತೆ ಬಗ್ಗಿದರು, ಫೋನು ಎತ್ತಿ ಅವರ ಕಡೆ ಹಿಡಿದೆ, ಪರದೆಯಲ್ಲಿ ಅಕ್ಕನ ಮುಖ, ಹಿಂದೆ ಅವಳ ಬಾಡಿಗೆ ಮನೆಯ ಗೋಡೆ, ದಾರ ಬಟ್ಟೆಯೊಳಗೆ ಹೋಗುವ ಸದ್ದು ಕೇಳುವುದಿಲ್ಲ ಅಂತ ಯಾರು ಹೇಳಿದ್ದು, ಕೇಳುತ್ತದೆ. ನನಗೆ ಒಮ್ಮೆಲೇ ಹೊಳೆಯಿತು — ಮಖಮಲ್ಲೇ ಯಾಕೆ ಕಳಿಸಿದಳು ಅಂತ ಭಾವ ಕೇಳಿದರಲ್ಲ, ಹತ್ತಿ ಇತ್ತು, ರೇಷ್ಮೆ ಇತ್ತು, ಮಗುವಿಗೆ ಸೆಕೆಯ ಬಟ್ಟೆ ಯಾಕೆ ಆರಿಸಿದಳು ದರ್ಜಿಯ ಮಗಳು, ಏನಾದರೂ ಗೊತ್ತಿತ್ತೇ ಅವಳಿಗೆ, ಯಾರಾದರೂ ಹೇಳಿದರೇ, ನನ್ನನ್ನು ಫ್ರಾಕಿಗೆ ಕಳಿಸಿದಳೋ ಇದಕ್ಕೇ ಕಳಿಸಿದಳೋ, ಅಕ್ಕನ ಮುಖ ನೋಡಿದೆ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ, ಅವಳು ನನ್ನನ್ನೂ ನೋಡುತ್ತಿರಲಿಲ್ಲ. ಕೊನೆಯ ಹೊಲಿಗೆ, ಗಂಟು, ಭಾವ ಬಗ್ಗಿ ದಾರ ಕಚ್ಚಿ ತುಂಡರಿಸಿದರು, ಮುಗೀತು ನೋಡು ಅಂದರು, ಯಾರಿಗೆ ಅಂದರೋ, ಎರಡೂ ಕೈಯಲ್ಲಿ ಫ್ರಾಕನ್ನು ದೀಪದ ಕೆಳಗೆ ಎತ್ತಿ ಹಿಡಿದರು, ನೀಲಿ, ಎಲ್ಲ ತುಂಡುಗಳೂ ಒಂದೇ ನೀಲಿ, ಕಪ್ಪಿಲ್ಲ, ಒಂದೇ ಹೊಳಪು ಮೇಲಿನಿಂದ ಕೆಳಗಿನವರೆಗೆ ನೀರಿನ ಹಾಗೆ ಇಳಿಯಿತು, ಅಕ್ಕ, ನೋ‌ಡ್ದ್ಯಾ, ಅವರೇ ಹೊಲಿದಿದ್ದು, ನನ್ನ ಕಣ್ಣೆದುರಿಗೇ, ನನ್ನ ಆಣೆ ತೀರಿತು. ಅಕ್ಕ ಫ್ರಾಕನ್ನು ನೋಡುತ್ತಿರಲಿಲ್ಲ. ರೀ, ಬೆರಳು ಅಂದಳು. ಯಾವ ಬೆರಳು ಅಂದರು ಭಾವ. ತೆಗೀರಿ ಅದನ್ನ ಮೊದಲು, ನಾವು ಬರೋ ಹೊತ್ತಿಗೆ ಕೈಯೆಲ್ಲ ಜರಡಿ ಮಾಡಿಟ್ಕೋಬೇಡಿ ಅಂದಳು ಅಕ್ಕ, ದಾರ ಕಚ್ಚಿಕೊಂಡ ಅದೇ ದನಿ, ಆಚೆ ಬಾಗಿಲ ಕಡೆ ತಿರುಗಿ ಯಾರಿಗೋ, ಖಾಲಿ ಮಾಡ್ತೀವಿ ಅಂತ ಹೇಳಮ್ಮ ಓನರಿಗೆ, ಭಾವ ಫ್ರಾಕನ್ನು ಒಂದು ಕೈಗೆ ಬದಲಾಯಿಸಿ ಇನ್ನೊಂದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಅದಲ್ಲ, ಆ ಕೈಯಲ್ಲ ಭಾವ, ನೀಲಿಯ ಅಂಚಿನಲ್ಲಿ ಆ ನಡುಬೆರಳು, ತುದಿಯಲ್ಲಿ ಪಿನ್ನು, ದುಂಡು ಬಿಳಿ ತಲೆ, ಅದರ ಮೇಲೊಂದು ಚುಕ್ಕೆ ಬೆಳಕು, ಬೆರಳಿಗೆ ಗೊತ್ತೇ ಇಲ್ಲದ ಹಾಗೆ ನೆಟ್ಟಗೆ ನಿಂತಿದೆ, ಪಿನ್ನು